ಅಡುಗೆ ಕೆಟ್ಟರೆ ಗಾಬರಿ ಬೇಡ



ಒಂದು ಸಂಜೆ ನಮ್ಮ ಕಲಿಕಾ ಕೇಂದ್ರದಲ್ಲಿ ಪಾಠ ಶುರುವಾಗಿತ್ತು. ಹಲಗೆಯ ಮೇಲೆ ನಾವು 'ಉಪ್ಪು' ಎಂದು ಬರೆದಿದ್ದೆವು. ಒತ್ತಕ್ಷರ ಹೇಗೆ ಬರೆಯುವುದು ಎಂದು ತೋರಿಸುತ್ತಿದ್ದೆವು. ಅಷ್ಟರಲ್ಲಿ ಒಬ್ಬ ಅಕ್ಕ ಓಡೋಡಿ ಬಂದರು. ಅವರ ಮುಖ ಬಾಡಿತ್ತು.

"ಯಾಕಕ್ಕಾ ಇಷ್ಟು ತಡ?" ಎಂದು ಕೇಳಿದೆವು.

"ಏನ್ ಹೇಳ್ಲಿ ಟೀಚರಮ್ಮ! ಸಾರಿಗೆ ಎರಡು ಸಲ ಉಪ್ಪು ಬಿತ್ತು. ನಾನು ಒಂದು ಸಲ ಹಾಕಿದ್ದೆ. ಗೊತ್ತಿಲ್ದೆ ಸೊಸೆನೂ ಹಾಕಿದ್ಲು. ಮನೆಯವ್ರು ತಟ್ಟೆ ತಳ್ಳಿ ಎದ್ದು ಹೋದ್ರು. ಕಾಲು ಕಿಲೋ ಬೇಳೆ ಹಾಳಾಯ್ತು" ಎಂದರು.

ಹಲಗೆಯ ಮೇಲಿನ ಉಪ್ಪು ಅಲ್ಲೇ ಉಳಿಯಿತು. ಮಾತು ಸಾರಿನ ಉಪ್ಪಿನ ಕಡೆ ತಿರುಗಿತು. "ಆಲೂಗಡ್ಡೆ ಹಾಕ್ಬೇಕಿತ್ತು" ಎಂದರು ಒಬ್ಬರು. "ಹಿಟ್ಟಿನ ಉಂಡೆ ಬಿಡ್ಬೇಕಿತ್ತು" ಎಂದರು ಇನ್ನೊಬ್ಬರು. "ಬೆಲ್ಲ ಹಾಕಿದ್ರೆ ಸಾಕಿತ್ತು" ಎಂದರು ಮತ್ತೊಬ್ಬರು. ಇವುಗಳಲ್ಲಿ ಯಾವುದು ನಿಜ? ಯಾವುದು ಬರೀ ಮಾತು?

ಅವತ್ತು ಮತ್ತು ಆಮೇಲೆ ನಾಲ್ಕಾರು ಸಂಜೆ ನಡೆದ ಮಾತುಗಳೇ ಈ ಪಾಠ. ಇದರಲ್ಲಿರುವ ಉಪಾಯಗಳಲ್ಲಿ ಅರ್ಧಕ್ಕರ್ಧ ನಮಗೆ ಕಲಿಸಿದವರು ಕೇಂದ್ರಕ್ಕೆ ಬರುವ ಅಕ್ಕಂದಿರೇ. ಅದು ಯಾಕೆ ಹಾಗೆ ಎಂಬ ಕಾರಣವನ್ನು ನಾವು ಪುಸ್ತಕ ನೋಡಿ, ತಿಳಿದವರನ್ನು ಕೇಳಿ ಸೇರಿಸಿದೆವು.

ಅಡುಗೆ ಯಾರ ಕೈಯಲ್ಲೂ ಕೆಡಬಹುದು. ಅದು ಅಪರಾಧ ಅಲ್ಲ. ಆದರೆ ಕೆಟ್ಟಾಗ ಬೇಳೆ ಹೋಗುತ್ತದೆ. ಸೌದೆ ಹೋಗುತ್ತದೆ. ಒಂದು ದಿನದ ಕೂಲಿಯಲ್ಲಿ ಒಂದು ಪಾಲು ಹೋಗುತ್ತದೆ. ಮಕ್ಕಳು ಅರ್ಧ ಹೊಟ್ಟೆಯಲ್ಲಿ ಮಲಗುತ್ತಾರೆ. ಬೈಗುಳ ಮಾತ್ರ ಹೆಂಗಸಿನ ಪಾಲಿಗೆ ಬರುತ್ತದೆ. ಆದ್ದರಿಂದ ಅಣ್ಣಂದಿರೂ ಈ ಪಾಠ ಓದಬೇಕು. ತಟ್ಟೆ ತಳ್ಳುವುದಕ್ಕಿಂತ ಸಾರು ಸರಿಮಾಡುವುದು ಸುಲಭ.

ಅಡುಗೆ ಕೆಟ್ಟಾಗ ಮೂರು ಪ್ರಶ್ನೆ ಕೇಳಿಕೊಳ್ಳಿ.

ಏನಾಯಿತು?
ಯಾಕಾಯಿತು?
ಇದು ಸರಿಹೋಗುವಂಥದ್ದೋ, ಅಲ್ಲವೋ?

ಮೂರನೆಯ ಪ್ರಶ್ನೆ ಬಹಳ ಮುಖ್ಯ. ಅದು ಯಾಕೆ ಎಂದು ಮುಂದೆ ನೋಡೋಣ.

ಸಾರಿಗೆ ಉಪ್ಪು ಜಾಸ್ತಿ ಆದರೆ

ಮೊದಲು ಆಲೂಗಡ್ಡೆಯ ಮಾತು. ಆಲೂಗಡ್ಡೆ ಉಪ್ಪನ್ನು ಮಾತ್ರ ಆರಿಸಿ ಹೀರುವುದಿಲ್ಲ. ಉಪ್ಪು ಕರಗಿದ ನೀರನ್ನು ಹೀರುತ್ತದೆ. ಹಿಟ್ಟಿನ ಉಂಡೆಯೂ ಅಷ್ಟೇ. ಒಂದು ಚೊಂಬು ಉಪ್ಪು ನೀರಿದೆ ಎನ್ನಿ. ಅದರಿಂದ ಒಂದು ಲೋಟ ತೆಗೆದರೆ ಉಳಿದ ನೀರು ಸಪ್ಪೆ ಆಗುತ್ತದೆಯೇ? ಇಲ್ಲ. ಅದರ ಉಪ್ಪು ಹಾಗೇ ಇರುತ್ತದೆ. ಸಾರಿನ ಕತೆಯೂ ಇದೇ.

ಹಾಗಾದರೆ ಏನು ಮಾಡೋಣ? ಉಪ್ಪು ತೆಗೆಯಲು ಆಗುವುದಿಲ್ಲ. ಸಾರನ್ನು ಹೆಚ್ಚು ಮಾಡಬಹುದು. ಬಿಸಿ ನೀರು ಸೇರಿಸಿ. ನೀರು ಸೇರಿಸಿದರೆ ಸಾರು ತೆಳ್ಳಗಾಗುತ್ತದೆ. ಆದ್ದರಿಂದ ಉಪ್ಪಿಲ್ಲದೆ ಬೇಯಿಸಿದ ಬೇಳೆ, ತರಕಾರಿ ಅಥವಾ ರುಬ್ಬಿದ ತೆಂಗಿನಕಾಯಿ ಸೇರಿಸಿ ಕುದಿಸಿ. ಆಲೂಗಡ್ಡೆ ಹಾಕಿದರೂ ತಪ್ಪಿಲ್ಲ. ಅದರ ಜೊತೆಗೆ ನೀರೂ ಸೇರಬೇಕು. ಹೆಚ್ಚಾದ ಸಾರನ್ನು ಪಕ್ಕದ ಮನೆಗೆ ಒಂದು ಬಟ್ಟಲು ಕೊಡಿ.

ಬೆಲ್ಲ, ಹುಳಿ ಹಾಕಿದರೆ? ನಾಲಿಗೆಗೆ ಉಪ್ಪು ಸ್ವಲ್ಪ ಕಡಿಮೆ ಅನಿಸುತ್ತದೆ. ಆದರೆ ಉಪ್ಪು ಸಾರಿನಲ್ಲೇ ಇರುತ್ತದೆ. ಮನೆಯಲ್ಲಿ ಬಿಪಿ ಇರುವವರಿಗೆ ಇದು ಒಳ್ಳೆಯದಲ್ಲ. ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 5 ಗ್ರಾಂ ಅಂದರೆ ಹೆಚ್ಚು ಕಡಿಮೆ ಒಂದು ಟೀ ಚಮಚ. ಉಪ್ಪಿನಕಾಯಿ, ಹಪ್ಪಳ ಎಲ್ಲದರ ಉಪ್ಪೂ ಈ ಲೆಕ್ಕದಲ್ಲೇ ಸೇರಬೇಕು.

ಖಾರ ಜಾಸ್ತಿ ಆದರೆ

ಖಾರ ಹತ್ತಿದಾಗ ನಾವು ಚೊಂಬುಗಟ್ಟಲೆ ನೀರು ಕುಡಿಯುತ್ತೇವೆ. ಖಾರ ಇಳಿಯುವುದಿಲ್ಲ. ಯಾಕೆ? ಮೆಣಸಿನಕಾಯಿಯ ಖಾರ ನೀರಿನಲ್ಲಿ ಅಷ್ಟಾಗಿ ಕರಗುವುದಿಲ್ಲ. ಎಣ್ಣೆ, ತುಪ್ಪ, ಹಾಲಿನ ಕೊಬ್ಬಿನಲ್ಲಿ ಕರಗುತ್ತದೆ.

ಆದ್ದರಿಂದ ಸಾರು ಖಾರ ಆದರೆ ತೆಂಗಿನ ಹಾಲು ಬಿಡಿ. ಬೇಯಿಸಿದ ಬೇಳೆ ಸೇರಿಸಿ. ಊಟಕ್ಕೆ ಕೂತಾಗ ಅನ್ನಕ್ಕೆ ಸ್ವಲ್ಪ ತುಪ್ಪ ಹಾಕಿ. ಮಗುವಿಗೆ ಖಾರ ಹತ್ತಿದರೆ ನೀರಿನ ಬದಲು ಹಾಲು ಅಥವಾ ಮೊಸರು ಕೊಡಿ.

ಮೆಣಸಿನಕಾಯಿ ಬಿಡಿಸಿ ಕೈ ಉರಿಯುತ್ತಿದೆಯೇ? ಕೈಗೆ ಅಡುಗೆ ಎಣ್ಣೆ ಸವರಿ ಉಜ್ಜಿ. ಆಮೇಲೆ ಸೋಪು ಹಾಕಿ ತೊಳೆಯಿರಿ. ಖಾರ ಎಣ್ಣೆಗೆ ಇಳಿಯುತ್ತದೆ. ಎಣ್ಣೆ ಸೋಪಿಗೆ ಹೋಗುತ್ತದೆ. ಅಲ್ಲಿಯವರೆಗೆ ಕಣ್ಣು ಮುಟ್ಟಬೇಡಿ. ಮಗುವನ್ನೂ ಮುಟ್ಟಬೇಡಿ.

ತಳ ಹಿಡಿದರೆ

ಸೀದ ವಾಸನೆ ಬಂತು. ಓಡಿ ಬಂದು ನಾವು ಮೊದಲು ಮಾಡುವುದೇನು? ಸೌಟು ಹಾಕಿ ತಿರುವುತ್ತೇವೆ. ಅದೇ ತಪ್ಪು. ತಳದಲ್ಲಿದ್ದ ಸೀಕಲು ಮೇಲೆ ಬಂದು ಇಡೀ ಪಾತ್ರೆಗೆ ಹರಡುತ್ತದೆ.

ಮೊದಲು ಪಾತ್ರೆಯನ್ನು ಒಲೆಯಿಂದ ಇಳಿಸಿ. ಸೌಟನ್ನು ತಳಕ್ಕೆ ತಾಗಿಸದೆ ಮೇಲಿನ ಭಾಗವನ್ನು ಬೇರೆ ಪಾತ್ರೆಗೆ ತೆಗೆಯಿರಿ. ತಳ ಕೆರೆಯಬೇಡಿ. ಮುಚ್ಚಳ ತೆಗೆದಿಡಿ, ವಾಸನೆ ಹೋಗಲಿ. ರುಚಿ ನೋಡಿ. ಕಹಿ ಇಲ್ಲದಿದ್ದರೆ ಬೇರೆ ಪಾತ್ರೆಯಲ್ಲೇ ಅಡುಗೆ ಮುಂದುವರಿಸಿ.

ಸೀದ ಪಾತ್ರೆಯನ್ನು ಉಜ್ಜಿ ಉಜ್ಜಿ ಕೈ ನೋಯಿಸಿಕೊಳ್ಳಬೇಡಿ. ನೀರು ಹಾಕಿ ಸ್ವಲ್ಪ ಕುದಿಸಿ. ಹಾಗೇ ರಾತ್ರಿ ನೆನೆಯಲಿ. ಬೆಳಗ್ಗೆ ಸೀಕಲು ಸುಲಭವಾಗಿ ಏಳುತ್ತದೆ.

ಬೇಳೆ ಬೇಯದಿದ್ದರೆ

"ಎರಡು ಗಂಟೆ ಕುದಿಸಿದ್ರೂ ಬೇಳೆ ಕಲ್ಲು ಕಲ್ಲು" ಎಂದು ದೂರುವವರು ಬಹಳ. ಇದಕ್ಕೆ ಮೂರು ಕಾರಣಗಳು ಇರಬಹುದು.

ಒಂದು, ಬೇಳೆ ಹಳೆಯದು. ಹಳೆಯ ಬೇಳೆ ಬೇಯುವುದು ತಡ. ರಾತ್ರಿಯೇ ನೆನೆಹಾಕಿ. ಹೊಸ ಬೇಳೆಯನ್ನೂ ಅರ್ಧ ಗಂಟೆ ನೆನೆಸಿದರೆ ಸೌದೆ ಉಳಿಯುತ್ತದೆ.

ಎರಡು, ಹುಳಿ ಮೊದಲೇ ಬಿದ್ದಿದೆ. ಹುಣಿಸೆ, ಟೊಮೆಟೊ ಮೊದಲೇ ಹಾಕಿದರೆ ಬೇಳೆ ಬೇಗ ಮೆತ್ತಗಾಗುವುದಿಲ್ಲ. ಬೇಳೆ ಬೆಂದ ಮೇಲೆಯೇ ಹುಳಿ ಹಾಕಿ. ನಮ್ಮ ಅಜ್ಜಿಯಂದಿರು ಹುಳಿಯನ್ನು ಕೊನೆಗೆ ಬಿಡುತ್ತಿದ್ದುದು ಸುಮ್ಮನೆ ಅಲ್ಲ.

ಮೂರು, ನೀರು ಗಡಸು. ಬೋರ್‌ವೆಲ್ ನೀರು ಭೂಮಿಯ ಆಳದಲ್ಲಿ ಕಲ್ಲುಗಳ ನಡುವೆ ಇರುತ್ತದೆ. ಅದರಲ್ಲಿ ಸುಣ್ಣದಂಥ ಲವಣಗಳು ಕರಗಿರುತ್ತವೆ. ಅವು ಬೇಳೆಯನ್ನು ಗಟ್ಟಿ ಮಾಡುತ್ತವೆ. ಗಡಸು ನೀರನ್ನು ಗುರುತಿಸುವುದು ಹೇಗೆ? ಅದರಲ್ಲಿ ಸೋಪು ನೊರೆ ಬರುವುದಿಲ್ಲ. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪದರ ಕೂರುತ್ತದೆ.

ಇಂಥ ನೀರನ್ನು ಮೊದಲು ಚೆನ್ನಾಗಿ ಕುದಿಸಿ ಆರಲು ಬಿಡಿ. ಬಿಳಿ ಪುಡಿ ತಳಕ್ಕೆ ಇಳಿಯುತ್ತದೆ. ಮೇಲಿನ ತಿಳಿ ನೀರನ್ನು ಬಗ್ಗಿಸಿಕೊಂಡು ಬೇಳೆ ಬೇಯಿಸಿ. ಎಲ್ಲ ಗಡಸು ನೀರೂ ಇದರಿಂದ ಸರಿಹೋಗುವುದಿಲ್ಲ. ಆದರೂ ಎಷ್ಟೋ ಕಡೆ ಪ್ರಯೋಜನ ಆಗುತ್ತದೆ. ಶುದ್ಧವಾಗಿ ಹಿಡಿದಿಟ್ಟ ಮಳೆ ನೀರಿದ್ದರೆ ಬೇಳೆಗೆ ಅದೇ ಒಳ್ಳೆಯದು. ಮಳೆ ನೀರು ಗಡಸಲ್ಲ.

ಚಿಟಿಕೆ ಅಡುಗೆ ಸೋಡಾ ಹಾಕಿದರೆ ಬೇಳೆ ಬೇಗ ಬೇಯುತ್ತದೆ. ಅದು ನಿಜ. ಆದರೆ ಬೇಳೆಯಲ್ಲಿರುವ ಬಿ1 ಎಂಬ ಜೀವಸತ್ವ ಸೋಡಾದಿಂದ ಹಾಳಾಗುತ್ತದೆ. ಆದ್ದರಿಂದ ಸೋಡಾ ಹಾಕುವ ಅಭ್ಯಾಸ ಬೇಡ. ಬೇಳೆ ಕುದಿಯುವಾಗ ಉಕ್ಕಿ ಚೆಲ್ಲುತ್ತಿದ್ದರೆ ಅದಕ್ಕೆ ಬೇರೆ ಉಪಾಯ ಇದೆ. ನಾಲ್ಕು ಹನಿ ಎಣ್ಣೆ ಹಾಕಿ. ನೊರೆ ಇಳಿಯುತ್ತದೆ.

ಮುದ್ದೆ ಗಂಟಾದರೆ, ರೊಟ್ಟಿ ಬಿರಿದರೆ

ಮುದ್ದೆ ಮುರಿದಾಗ ಒಳಗೆ ಹಸಿ ಹಿಟ್ಟಿನ ಗಂಟು ಸಿಗುತ್ತದೆ. ಯಾಕೆ? ಹಿಟ್ಟು ಕುದಿಯುವ ಎಸರಿಗೆ ಬಿದ್ದ ಕೂಡಲೇ ಉಂಡೆಯ ಹೊರಭಾಗ ಬೆಂದು ಅಂಟಾಗುತ್ತದೆ. ಆ ಅಂಟು ನೀರನ್ನು ಒಳಗೆ ಬಿಡುವುದಿಲ್ಲ. ಒಳಗಿನ ಹಿಟ್ಟು ಒಣಗಿಯೇ ಉಳಿಯುತ್ತದೆ.

ನಮ್ಮ ಕೇಂದ್ರದ ಒಬ್ಬ ಅಜ್ಜಿ ಹೇಳಿದ ಕ್ರಮ ಇದು. ಒಂದು ಲೋಟ ಹಿಟ್ಟಿಗೆ ಸುಮಾರು ಎರಡು ಲೋಟ ನೀರು. ಮೊದಲು ಒಂದು ಚಮಚ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಎಸರಿಗೆ ಬಿಡಿ. ಎಸರು ಗಂಜಿಯಂತೆ ಕುದಿಯಲಿ. ಆಮೇಲೆ ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿಯಿರಿ. ಆಗಲೇ ತಿರುವಬೇಡಿ. ಕೋಲಿನಿಂದ ನಡುವೆ ಒಂದು ತೂತು ಮಾಡಿ. ಉರಿ ಸಣ್ಣ ಮಾಡಿ, ಐದು ನಿಮಿಷ ಬೇಯಲು ಬಿಡಿ. ಆಮೇಲೆ ಕೋಲು ಹಾಕಿ ಬಿಗಿಯಾಗಿ ತಿರುವಿ. ಬೆಂದಿದೆಯೋ ಇಲ್ಲವೋ ನೋಡಲು ಬೆರಳನ್ನು ನೀರಿಗೆ ಅದ್ದಿ ಹಿಟ್ಟನ್ನು ಮುಟ್ಟಿ. ಕೈಗೆ ಅಂಟದಿದ್ದರೆ ಬೆಂದಿದೆ.

ಇನ್ನು ಜೋಳದ ರೊಟ್ಟಿ. ನಮ್ಮ ಕೇಂದ್ರಕ್ಕೆ ಬರುವ ಒಬ್ಬ ಸೊಸೆಯ ತವರು ಗದಗದ ಕಡೆ. ಇಲ್ಲಿಯವರು ತಟ್ಟಿದ ರೊಟ್ಟಿ ಅಂಚಿನಲ್ಲೆಲ್ಲ ಬಿರಿಯುವುದನ್ನು ನೋಡಿ ಆಕೆ ನಕ್ಕರು. "ತಣ್ಣೀರಾಗ ನಾದಿದ್ರ ಹೆಂಗ ಬರ್ತದರೀ? ಕುದಿಯೋ ನೀರು ಹಾಕ್ರಿ" ಎಂದರು.

ಕಾರಣ ಕೇಳಿ. ಗೋಧಿ ಹಿಟ್ಟಿನಲ್ಲಿ ಒಂದು ಬಗೆಯ ಅಂಟು ಇದೆ. ಎಳೆದರೂ ಹರಿಯುವುದಿಲ್ಲ. ಜೋಳದಲ್ಲಿ ಆ ಅಂಟು ಇಲ್ಲ. ಕುದಿಯುವ ನೀರು ಬಿದ್ದಾಗ ಜೋಳದ ಹಿಟ್ಟು ಅರ್ಧ ಬೆಂದು ಜಿಗಿ ಬರುತ್ತದೆ. ಆ ಜಿಗಿಯೇ ರೊಟ್ಟಿಯನ್ನು ಹಿಡಿದಿಡುತ್ತದೆ. ಮೊದಲು ಸೌಟಿನಿಂದ ಕಲಸಿ. ಕೈಗೆ ತಾಳುವಷ್ಟು ಆರಿದ ಮೇಲೆ ಚೆನ್ನಾಗಿ ನಾದಿ. ಹಿಟ್ಟು ಬೀಸಿಸಿ ಬಹಳ ದಿನ ಆದರೆ ಜಿಗಿ ಹೋಗುತ್ತದೆ. ಆದ್ದರಿಂದ ಬೇಕಾದಷ್ಟೇ ಬೀಸಿಸಿ.

ಮೊಸರು ಹೆಪ್ಪಾಗದಿದ್ದರೆ, ಹಿಟ್ಟು ಉಬ್ಬದಿದ್ದರೆ

ಮೊಸರಿನಲ್ಲಿ ಕಣ್ಣಿಗೆ ಕಾಣದ ಜೀವಿಗಳಿವೆ. ಇವು ರೋಗ ತರುವಂಥವಲ್ಲ. ನಮಗೆ ಉಪಕಾರಿಗಳು. ಹಾಲನ್ನು ಮೊಸರು ಮಾಡುವುದು ಇವೇ. ಹಾಲು ತುಂಬಾ ಬಿಸಿ ಇದ್ದಾಗ ಹೆಪ್ಪು ಹಾಕಿದರೆ ಇವು ಸಾಯುತ್ತವೆ. ತಣ್ಣಗಿದ್ದರೆ ಕೆಲಸ ಮಾಡುವುದಿಲ್ಲ. ಆದ್ದರಿಂದ ಹಾಲು ಉಗುರು ಬೆಚ್ಚಗಿರಬೇಕು. ಶುದ್ಧವಾದ ಕಿರುಬೆರಳು ಅದ್ದಿ ನೋಡಿ. ಬಿಸಿ ಹಿತವಾಗಿದ್ದರೆ ಹೆಪ್ಪು ಹಾಕಿ.

ಚಳಿಗಾಲದಲ್ಲಿ ಪಾತ್ರೆಗೆ ದಪ್ಪ ಬಟ್ಟೆ ಸುತ್ತಿ. ಒಲೆಯ ಪಕ್ಕ ಅಥವಾ ಅಕ್ಕಿ ಡಬ್ಬದ ಒಳಗೆ ಇಡಿ. ಪಾತ್ರೆಯನ್ನು ಅಲ್ಲಾಡಿಸಬೇಡಿ. ಹೆಪ್ಪಿಗೆ ಮೊಸರೇ ಇಲ್ಲದಿದ್ದರೆ ಕೆಲವರು ಹಸಿಮೆಣಸಿನಕಾಯಿಯ ತೊಟ್ಟುಗಳನ್ನು ತೊಳೆದು ಬೆಚ್ಚಗಿನ ಹಾಲಿಗೆ ಹಾಕುತ್ತಾರೆ. ತೊಟ್ಟಿನ ಮೇಲೂ ಅಂಥ ಜೀವಿಗಳು ಇರುತ್ತವೆ. ಮೊದಲ ಸಲ ಮೊಸರು ಗಟ್ಟಿ ಬರುವುದಿಲ್ಲ. ಅದನ್ನೇ ಹೆಪ್ಪು ಮಾಡಿಕೊಂಡರೆ ಮಾರನೆಯ ದಿನ ಗಟ್ಟಿಯಾಗುತ್ತದೆ.

ಇಡ್ಲಿ, ದೋಸೆ ಹಿಟ್ಟು ಉಬ್ಬುವುದೂ ಇಂಥ ಜೀವಿಗಳಿಂದಲೇ. ಅವಕ್ಕೂ ಬೆಚ್ಚಗಿನ ಜಾಗ ಬೇಕು. ಉದ್ದಿನ ಬೇಳೆ ನೆನೆಸುವಾಗ ಅರ್ಧ ಚಮಚ ಮೆಂತ್ಯ ಹಾಕಿ. ಬೇಳೆಯನ್ನು ಮೊದಲೇ ತೊಳೆದು ನೆನೆಹಾಕಿ, ನೆನೆದ ನೀರನ್ನೇ ಹಾಕಿ ರುಬ್ಬಿ. ಆ ಜೀವಿಗಳು ಬೇಳೆಯ ಮೇಲೆಯೇ ಇರುತ್ತವೆ. ನೆನೆದ ಮೇಲೆ ಮತ್ತೆ ಮತ್ತೆ ತೊಳೆದರೆ ಅವೂ ನೀರಿನ ಜೊತೆ ಹೋಗುತ್ತವೆ.

ತರಕಾರಿಯ ತೊಂದರೆಗಳು

ಹೆಚ್ಚಿದ ಬದನೆಕಾಯಿ, ಬಾಳೆಕಾಯಿ ಕಪ್ಪಾಗುತ್ತವೆ. ಕತ್ತರಿಸಿದ ಭಾಗಕ್ಕೆ ಗಾಳಿ ತಾಗಿದ್ದೇ ಕಾರಣ. ಹೆಚ್ಚಿದ ಕೂಡಲೇ ನೀರಿಗೆ ಹಾಕಿ. ನೀರಿಗೆ ಸ್ವಲ್ಪ ಮಜ್ಜಿಗೆ ಬೆರೆಸಿದರೆ ಇನ್ನೂ ಒಳ್ಳೆಯದು. ಆದರೆ ಬಹಳ ಹೊತ್ತು ಬಿಡಬೇಡಿ.

ಹಾಗಲಕಾಯಿ ಕಹಿ ಹೆಚ್ಚಾದರೆ ಬಿಲ್ಲೆ ಮಾಡಿ ಉಪ್ಪು ಸವರಿ ಅರ್ಧ ಗಂಟೆ ಇಡಿ. ಉಪ್ಪು ಕಾಯಿಯೊಳಗಿನ ನೀರನ್ನು ಹೊರಗೆಳೆಯುತ್ತದೆ. ನೀರಿನ ಜೊತೆ ಕಹಿಯೂ ಬರುತ್ತದೆ. ಹಿಂಡಿ, ಒಮ್ಮೆ ತೊಳೆದು ಪಲ್ಯ ಮಾಡಿ. ಆಗ ಪಲ್ಯಕ್ಕೆ ಉಪ್ಪು ಕಡಿಮೆ ಹಾಕಿ.

ಸುವರ್ಣಗೆಡ್ಡೆ, ಕೆಸುವಿನ ಎಲೆ ಗಂಟಲು ತುರಿಸುತ್ತವೆ. ಅವುಗಳಲ್ಲಿ ಸೂಜಿಯಂಥ ಬಹಳ ಸಣ್ಣ ಹರಳುಗಳಿವೆ. ಅವು ಚುಚ್ಚುವುದರಿಂದ ತುರಿಕೆ ಬರುತ್ತದೆ. ಹೆಚ್ಚುವ ಮೊದಲು ಕೈಗೆ ಎಣ್ಣೆ ಸವರಿಕೊಳ್ಳಿ. ಹುಣಿಸೆ ಹುಳಿ ಹಾಕಿ ಪೂರ್ತಿ ಬೇಯಿಸಿ. ಅರೆಬೆಂದದ್ದನ್ನು ತಿನ್ನಬೇಡಿ.

ಸೊಪ್ಪು, ತರಕಾರಿಯನ್ನು ತೊಳೆದು ಹೆಚ್ಚಿ. ಹೆಚ್ಚಿ ತೊಳೆಯಬೇಡಿ. ಹೆಚ್ಚಿದ ಮೇಲೆ ತೊಳೆದರೆ ಸತ್ವ ನೀರಿನಲ್ಲಿ ಹೋಗುತ್ತದೆ. ಅನ್ನ ಬಸಿದ ಗಂಜಿಯಲ್ಲೂ ಸತ್ವ ಇದೆ. ಚೆಲ್ಲಬೇಡಿ. ಸಾರಿಗೆ ಬಳಸಿ.

ಸೊಪ್ಪಿನ ಸಾರನ್ನು ಇಳಿಸಿದ ಮೇಲೆ ನಿಂಬೆರಸ ಹಿಂಡಿ. ಸೊಪ್ಪಿನಲ್ಲಿರುವ ಕಬ್ಬಿಣದ ಅಂಶ ಮೈಗೆ ಹತ್ತಲು ನಿಂಬೆ ಸಹಾಯ ಮಾಡುತ್ತದೆ. ಊಟ ಆದ ಕೂಡಲೇ ಟೀ ಕುಡಿದರೆ ಆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ. ಟೀ ಬೇಕಿದ್ದರೆ ಒಂದು ಗಂಟೆ ಬಿಟ್ಟು ಕುಡಿಯಿರಿ. ರಕ್ತ ಕಡಿಮೆ ಇರುವ ಹೆಂಗಸರು, ಬಸುರಿಯರು ಇದನ್ನು ನೆನಪಿಡಿ.

ಕಾಳಿಗೆ ಹುಳು ಬಿದ್ದರೆ

ಕಾಳಿನಲ್ಲಿ ತೇವ ಇದ್ದರೆ ಹುಳು ಬೇಗ ಬೀಳುತ್ತದೆ. ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ. ಆರಿದ ಮೇಲೆ ಡಬ್ಬಕ್ಕೆ ತುಂಬಿ. ಬಿಸಿ ಇದ್ದಾಗಲೇ ತುಂಬಿದರೆ ಒಳಗೆ ಬೆವರುತ್ತದೆ. ಡಬ್ಬ ಒಣಗಿರಬೇಕು. ಮುಚ್ಚಳ ಬಿಗಿಯಾಗಿರಬೇಕು. ಒಣಗಿದ ಬೇವಿನ ಎಲೆ ಹಾಕಿಡಿ.

ಅವರೆ, ಹೆಸರು, ಅಲಸಂದೆ ಕಾಳಿಗೆ ಇನ್ನೊಂದು ಉಪಾಯ. ಒಂದು ಕಿಲೋ ಕಾಳಿಗೆ ಒಂದು ಟೀ ಚಮಚ ಅಡುಗೆ ಎಣ್ಣೆ ಹಾಕಿ ಎಲ್ಲ ಕಾಳಿಗೂ ತಾಗುವಂತೆ ಸವರಿ. ಎಣ್ಣೆ ತಾಗಿದರೆ ಹುಳುವಿನ ಮೊಟ್ಟೆ ಬದುಕುವುದಿಲ್ಲ.

ಈಗ ಒಂದು ಎಚ್ಚರಿಕೆ. ದಯವಿಟ್ಟು ಇದನ್ನು ಎರಡು ಸಲ ಓದಿ.

ದೊಡ್ಡ ಗೋದಾಮುಗಳಲ್ಲಿ ಹುಳು ಕೊಲ್ಲಲು ಒಂದು ಬಗೆಯ ಮಾತ್ರೆ ಇಡುತ್ತಾರೆ. ಅದರ ಹೆಸರು ಅಲ್ಯೂಮಿನಿಯಂ ಫಾಸ್ಫೈಡ್. ಕೆಲವರು ಅದನ್ನು ತಂದು ಮನೆಯ ಕಾಳಿನ ಡ್ರಮ್ಮಿನಲ್ಲೂ ಇಡುತ್ತಾರೆ. ಗಾಳಿಯ ತೇವ ತಾಗಿದರೆ ಸಾಕು, ಆ ಮಾತ್ರೆಯಿಂದ ವಿಷದ ಗಾಳಿ ಏಳುತ್ತದೆ. ಮುಚ್ಚಿದ ಮನೆಯಲ್ಲಿ ಮಲಗಿದವರು ಏಳದೇ ಹೋಗಬಹುದು. ಮೊದಲು ಅಪಾಯ ಆಗುವುದು ಮಕ್ಕಳಿಗೆ. ಈ ವಿಷವನ್ನು ಇಳಿಸುವ ಮದ್ದು ಇಲ್ಲ. ಇದು ಮನೆಯಲ್ಲಿ ಇಡುವ ವಸ್ತುವೇ ಅಲ್ಲ. ಯಾರು ಎಷ್ಟು ಹೇಳಿದರೂ ತರಬೇಡಿ. ಹುಳು ಬಿದ್ದ ಎರಡು ಸೇರು ಕಾಳು ಹೋದರೆ ಹೋಗಲಿ.

ಹೊಲಕ್ಕೆ ಹೊಡೆಯುವ ಔಷಧಿಯನ್ನು ಎಣ್ಣೆ ಬಾಟಲಿಗೆ, ಜ್ಯೂಸ್ ಬಾಟಲಿಗೆ ಸುರಿದು ಅಡುಗೆ ಮನೆಯಲ್ಲಿ ಇಡಬೇಡಿ. ಬಾಟಲಿ, ಪೊಟ್ಟಣ ಯಾವುದೇ ಇರಲಿ, ಈಗ ನಿಮಗೆ ಓದಲು ಬರುತ್ತದೆ. ಮೇಲೆ ಏನು ಬರೆದಿದೆ ಎಂದು ಓದಿಯೇ ಮುಟ್ಟಿ. 'ವಿಷ' ಎಂಬ ಎರಡು ಅಕ್ಷರ ಕಂಡರೆ ದೂರ ಇಡಿ.

ಸರಿಹೋಗದೇ ಇರುವುದು

ಮೂರನೆಯ ಪ್ರಶ್ನೆ ನೆನಪಿದೆಯೇ? ಇದು ಸರಿಹೋಗುವಂಥದ್ದೋ, ಅಲ್ಲವೋ? ಉಪ್ಪು, ಖಾರ, ಗಂಟು ಇವೆಲ್ಲ ರುಚಿಯ ತೊಂದರೆ. ಸರಿಮಾಡಬಹುದು. ಕೆಲವು ಆರೋಗ್ಯದ ತೊಂದರೆ. ಅವನ್ನು ಎಸೆಯಲೇಬೇಕು. ಬಡವರಿಗೆ ಎಸೆಯುವುದು ಕಷ್ಟ. ನಮಗೂ ಗೊತ್ತು. ಆದರೆ ಆಸ್ಪತ್ರೆಯ ಖರ್ಚು ಒಂದು ತಪ್ಪಲೆ ಅನ್ನಕ್ಕಿಂತ ದೊಡ್ಡದು.

ಬೂಷ್ಟು ಹಿಡಿದ ಕಡಲೆಕಾಯಿ ಬೀಜ ತಿನ್ನಬೇಡಿ. ಆ ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು. ಅದು ಪಿತ್ತಜನಕಾಂಗವನ್ನು ಹಾಳು ಮಾಡುತ್ತದೆ. ತೊಳೆದರೂ ಹೋಗುವುದಿಲ್ಲ. ಹುರಿದರೂ ಪೂರ್ತಿ ಹೋಗುವುದಿಲ್ಲ. ಚಟ್ನಿಪುಡಿ ಮಾಡುವ ಮೊದಲು ಬೀಜವನ್ನು ಮೊರಕ್ಕೆ ಹಾಕಿ ಆರಿಸಿ. ಬೂಷ್ಟು ಹಿಡಿದದ್ದು, ಕಪ್ಪಾದದ್ದು, ಸುಕ್ಕಾದದ್ದು ಬಿಸಾಡಿ. ದನಕ್ಕೂ ಹಾಕಬೇಡಿ.

ಹಳಸಿದ ಅನ್ನ, ಹಳಸಿದ ಸಾರು ಬೇಡ. "ಮತ್ತೆ ಕುದಿಸಿದ್ರೆ ಆಯ್ತು" ಎನ್ನುತ್ತಾರೆ. ಕುದಿಸಿದರೆ ರೋಗಾಣು ಸಾಯಬಹುದು. ಆದರೆ ಕೆಲವು ರೋಗಾಣುಗಳು ಬಿಟ್ಟ ವಿಷ ಕುದಿಸಿದರೂ ಉಳಿಯುತ್ತದೆ. ಬೇಸಿಗೆಯಲ್ಲಿ ಬೇಕಾದಷ್ಟೇ ಮಾಡಿ.

ಕಲಾಯಿ ಇಲ್ಲದ ಹಿತ್ತಾಳೆ, ತಾಮ್ರದ ಪಾತ್ರೆಯಲ್ಲಿ ಹುಳಿ ಸಾರು, ಮಜ್ಜಿಗೆ ಇಡಬೇಡಿ. ಹುಳಿಗೆ ತಾಮ್ರ ಕರಗುತ್ತದೆ. ವಾಂತಿ ಬರುತ್ತದೆ. ಅಲ್ಯೂಮಿನಿಯಂ ಪಾತ್ರೆಯಲ್ಲೂ ಹುಳಿಯನ್ನು ಬಹಳ ಹೊತ್ತು ಇಡುವುದು ಬೇಡ. ಮಣ್ಣಿನ ಮಡಕೆ, ಕಲ್ಲಿನ ಮರಿಗೆ, ಸ್ಟೀಲ್ ಪಾತ್ರೆ ಹುಳಿಗೆ ಒಳ್ಳೆಯದು.

ಒಲೆಯ ಮುಂದೆ ಅಪಾಯ ಆದರೆ

ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಬೇಡಿ. ನೀರು ಕಾದ ಎಣ್ಣೆಯ ತಳಕ್ಕೆ ಇಳಿದು ಒಮ್ಮೆಗೇ ಆವಿಯಾಗುತ್ತದೆ. ಉರಿಯುವ ಎಣ್ಣೆ ಮೇಲಕ್ಕೆ ಸಿಡಿಯುತ್ತದೆ. ಗ್ಯಾಸ್ ಇದ್ದರೆ ಆರಿಸಿ. ದೊಡ್ಡ ತಟ್ಟೆ ಅಥವಾ ಮುಚ್ಚಳದಿಂದ ಬಾಣಲೆ ಮುಚ್ಚಿ. ಗಾಳಿ ಇಲ್ಲದೆ ಬೆಂಕಿ ಆರುತ್ತದೆ. ತಣ್ಣಗಾಗುವವರೆಗೆ ಮುಚ್ಚಳ ತೆಗೆಯಬೇಡಿ.

ಗ್ಯಾಸ್ ವಾಸನೆ ಬಂದರೆ ಲೈಟಿನ ಸ್ವಿಚ್ ಮುಟ್ಟಬೇಡಿ. ಕಡ್ಡಿ ಗೀರಬೇಡಿ. ರೆಗ್ಯುಲೇಟರ್ ಮುಚ್ಚಿ. ಬಾಗಿಲು, ಕಿಟಕಿ ತೆಗೆಯಿರಿ. ಎಲ್ಲರೂ ಹೊರಗೆ ಬಂದು 1906 ಸಂಖ್ಯೆಗೆ ಫೋನ್ ಮಾಡಿ.

ಕೈ ಸುಟ್ಟರೆ ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ನಲ್ಲಿ ಇಲ್ಲದಿದ್ದರೆ ಚೊಂಬಿನಿಂದ ಸುರಿಯುತ್ತಾ ಇರಿ. ಬಳೆ, ಉಂಗುರ ಬೇಗ ತೆಗೆಯಿರಿ. ಆಮೇಲೆ ಕೈ ಊದಿಕೊಳ್ಳುತ್ತದೆ. ಟೂತ್‌ಪೇಸ್ಟ್, ಇಂಕು, ಅರಿಶಿನ, ಎಣ್ಣೆ ಯಾವುದನ್ನೂ ಹಚ್ಚಬೇಡಿ. ಗುಳ್ಳೆ ಒಡೆಯಬೇಡಿ. ಗಾಯ ದೊಡ್ಡದಿದ್ದರೆ ಅಥವಾ ಮಗುವಿಗೆ ಸುಟ್ಟಿದ್ದರೆ 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಹೋಗಿ.

ಕೊನೆಗೆ ಒಂದು ಮಾತು

ಉಪಾಯ ಹೇಳುವವರು ಊರ ತುಂಬಾ ಇದ್ದಾರೆ. ಯಾರೇ ಹೇಳಲಿ, ನಾವೇ ಹೇಳಲಿ, "ಯಾಕೆ?" ಎಂದು ಕೇಳಿ. ಕಾರಣ ಗೊತ್ತಿದ್ದರೆ ಯಾವ ಉಪಾಯ ಹಿಡಿಯಬೇಕು, ಯಾವುದು ಬಿಡಬೇಕು ಎಂದು ನಿಮಗೇ ತಿಳಿಯುತ್ತದೆ. "ನಮಗೇನೂ ಗೊತ್ತಿಲ್ಲ ಟೀಚರಮ್ಮ" ಎಂದು ಅಕ್ಕಂದಿರು ಹೇಳುತ್ತಾರೆ. ಎಸರಿನ ಹದ, ಹೆಪ್ಪಿನ ಹದ, ಹುಳಿ ಹಾಕುವ ಹೊತ್ತು ಗೊತ್ತಿರುವವರಿಗೆ ಏನೂ ಗೊತ್ತಿಲ್ಲ ಎಂದರೆ ಹೇಗೆ? ಅದೂ ವಿದ್ಯೆಯೇ. ಬರೆದಿಟ್ಟರೆ ಅದು ಉಳಿಯುತ್ತದೆ.

ಮೊದಲು ಹೇಳಿದ ಆ ಅಕ್ಕನ ಕತೆ ಅರ್ಧಕ್ಕೆ ನಿಂತಿತ್ತಲ್ಲ. ಒಂದು ತಿಂಗಳ ಮೇಲೆ ನಾವು ಅವರ ಮನೆಗೆ ಹೋಗಿದ್ದೆವು. ಒಲೆಯ ಪಕ್ಕದ ಗೋಡೆಗೆ ಒಂದು ಹಳೆಯ ಸ್ಲೇಟು ನೇತುಹಾಕಿದ್ದರು. ಅದರ ಮೇಲೆ ಬಳಪದಲ್ಲಿ ದೊಡ್ಡದಾಗಿ ಬರೆದಿತ್ತು:

ಉಪ್ಪು ಹಾಕಿದೆ.

ಒತ್ತಕ್ಷರ ಸ್ವಲ್ಪ ವಾರೆಯಾಗಿತ್ತು. ತಪ್ಪಿರಲಿಲ್ಲ. "ಯಾರು ಮೊದ್ಲು ಹಾಕ್ತಾರೋ ಅವ್ರು ಬರೀತಾರೆ. ಊಟ ಆದ್ಮೇಲೆ ಅಳಿಸ್ತೀವಿ. ಈಗ ಎರಡು ಸಲ ಬೀಳೋದೇ ಇಲ್ಲ" ಎಂದರು. ಒಳಗಿನಿಂದ ಅವರ ಮನೆಯವರು, "ಇವತ್ತು ಬರ್ದಿದ್ದು ನಾನು ಟೀಚರಮ್ಮ" ಎಂದು ಕೂಗಿದರು.

ಓದಿ, ಉತ್ತರ ಬರೆಯಿರಿ

1. ಆಲೂಗಡ್ಡೆ ಹಾಕಿದರೆ ಸಾರಿನ ಉಪ್ಪು ಯಾಕೆ ಕಡಿಮೆ ಆಗುವುದಿಲ್ಲ?
2. ಹುಣಿಸೆ ಹುಳಿಯನ್ನು ಬೇಳೆ ಬೆಂದ ಮೇಲೆ ಯಾಕೆ ಹಾಕಬೇಕು?
3. ಸರಿಮಾಡದೆ ಎಸೆಯಬೇಕಾದ ಎರಡು ವಸ್ತುಗಳ ಹೆಸರು ಬರೆಯಿರಿ.
4. ಕೈ ಸುಟ್ಟರೆ ಮೊದಲು ಏನು ಮಾಡಬೇಕು? ಎಷ್ಟು ನಿಮಿಷ?
5. ನಿಮ್ಮ ಮನೆಯಲ್ಲಿ ಬಳಸುವ ಒಂದು ಅಡುಗೆ ಉಪಾಯ ಬರೆಯಿರಿ. ಅದು ಯಾಕೆ ಹಾಗೆ ಎಂದು ಕೇಂದ್ರದಲ್ಲಿ ಎಲ್ಲರೂ ಕೂತು ಮಾತಾಡಿ.